ಕೀಲಿಮಣೆಯ ಶಾರ್ಟ್‌ಕಟ್‌ಗಳು

ಮೆನು ತೆರೆದು ಹುಡುಕದೆ, ಮೌಸ್ ಮುಟ್ಟದೆ, ಒಂದೋ ಎರಡೋ ಕೀಲಿ ಒತ್ತಿ ಕಂಪ್ಯೂಟರಿಗೆ ನೇರವಾಗಿ ಆಜ್ಞೆ ಕೊಡುವ ವಿಧಾನಕ್ಕೆ ಕೀಲಿಮಣೆಯ ಶಾರ್ಟ್‌ಕಟ್ ಎಂದು ಹೆಸರು. ಆಯ್ದುಕೊಂಡ ಸಾಲನ್ನು ನಕಲಿಸಲು ಕಂಟ್ರೋಲ್+ಸಿ, ಅದನ್ನು ಬೇರೆಡೆ ಅಂಟಿಸಲು ಕಂಟ್ರೋಲ್+ವಿ, ಮಾಡಿದ್ದನ್ನು ರದ್ದುಮಾಡಲು ಕಂಟ್ರೋಲ್+ಝಡ್. ಈ ಮೂರನ್ನು ಅರಿಯದ ಕಂಪ್ಯೂಟರ್ ಬಳಕೆದಾರರು ಕಡಿಮೆ. ಆದರೆ ಬಹುಮಂದಿಯ ಪರಿಚಯ ಅಲ್ಲಿಗೇ ನಿಲ್ಲುತ್ತದೆ. ವರ್ಷಗಟ್ಟಲೆ ಒಂದೇ ತಂತ್ರಾಂಶದಲ್ಲಿ ದುಡಿಯುವವರೂ ಉಳಿದೆಲ್ಲ ಕೆಲಸಕ್ಕೆ ಮೌಸನ್ನೇ ಹಿಡಿಯುತ್ತಾರೆ. ಶಾರ್ಟ್‌ಕಟ್‌ಗಳನ್ನು ಸಮಯ ಉಳಿಸುವ ಉಪಾಯವೆಂದು ಕಲಿಸುವುದು ರೂಢಿ. ಉಳಿಯುವ ಸಮಯ ಇದೆ, ಅದು ಬಲು ದೊಡ್ಡದೇನಲ್ಲ. ಅವುಗಳ ಹೆಚ್ಚಿನ ಬೆಲೆ ಇರುವುದು ಕೆಲಸದ ಮೇಲಿಟ್ಟ ಗಮನವನ್ನು ಮುರಿಯದೆ ಕಾಯುವುದರಲ್ಲಿ, ಮತ್ತು ಮೌಸ್ ಬಳಸಲಾಗದವರ ಕೈಗೆ ಕಂಪ್ಯೂಟರನ್ನು ಒಪ್ಪಿಸುವುದರಲ್ಲಿ.

ಕೀಲಿ ಒತ್ತಿದಾಗ ನಡೆಯುವುದು

ಅಕ್ಷರ, ಅಂಕಿ, ಚಿಹ್ನೆಗಳ ಕೀಲಿಗಳು ಒತ್ತಿದೊಡನೆ ತಮ್ಮ ಗುರುತನ್ನು ಪರದೆಯ ಮೇಲೆ ಮೂಡಿಸುತ್ತವೆ. ಶಿಫ್ಟ್, ಕಂಟ್ರೋಲ್, ಆಲ್ಟ್, ವಿಂಡೋಸ್ ಕೀಲಿ, ಮ್ಯಾಕ್‌ನ ಕಮಾಂಡ್ ಮತ್ತು ಆಪ್ಷನ್ ಕೀಲಿಗಳ ಕೆಲಸ ಬೇರೆ. ಅವನ್ನು ಹಿಡಿದಿರುವಷ್ಟು ಹೊತ್ತು ಇನ್ನೊಂದು ಕೀಲಿಯ ಅರ್ಥ ಬದಲಾಗುತ್ತದೆ. ಕೀಲಿಮಣೆಯೊಳಗಿನ ಪುಟ್ಟ ಚಿಪ್ ಯಾವ ಕೀಲಿ ಕೆಳಗಿಳಿಯಿತು, ಯಾವುದು ಮೇಲೆದ್ದಿತು ಎಂಬ ಸಂಕೇತವನ್ನಷ್ಟೇ ಕಂಪ್ಯೂಟರಿಗೆ ಕಳಿಸುತ್ತದೆ. ಅದಕ್ಕೆ ಅಕ್ಷರದ ಅರಿವಿಲ್ಲ, ಕೀಲಿಯ ಜಾಗ ಮಾತ್ರ ಗೊತ್ತು. ಆ ಸಂಕೇತ ‘ಕ’ ಆಗಬೇಕೋ ‘ಕೆ’ ಆಗಬೇಕೋ ಅಥವಾ ಒಂದು ಆಜ್ಞೆಯಾಗಬೇಕೋ ಎಂದು ನಿರ್ಧರಿಸುವುದು ತಂತ್ರಾಂಶ.

ಈ ನಿರ್ಧಾರದಲ್ಲಿ ಮೊದಲ ಹಕ್ಕು ಕಾರ್ಯಾಚರಣ ವ್ಯವಸ್ಥೆಯದು. ಪರದೆಗೆ ಬೀಗ ಹಾಕುವ ವಿಂಡೋಸ್+ಎಲ್, ತೆರೆದಿರುವ ಕಿಟಕಿಗಳ ನಡುವೆ ಓಡಾಡಿಸುವ ಆಲ್ಟ್+ಟ್ಯಾಬ್ ಇಂಥವನ್ನು ವಿಂಡೋಸ್ ತಾನೇ ಹಿಡಿದಿಟ್ಟುಕೊಳ್ಳುತ್ತದೆ. ಉಳಿದವು ಆ ಹೊತ್ತಿಗೆ ಮುಂದಿರುವ ತಂತ್ರಾಂಶಕ್ಕೆ ಹೋಗುತ್ತವೆ, ಅದು ತನಗೆ ಬೇಕಾದ ಅರ್ಥ ಕೊಟ್ಟುಕೊಳ್ಳುತ್ತದೆ. ಕಂಟ್ರೋಲ್+ಡಿ ಇದಕ್ಕೆ ಒಳ್ಳೆಯ ಉದಾಹರಣೆ. ವರ್ಡ್‌ನಲ್ಲಿ ಅದು ಫಾಂಟ್ ಆಯ್ಕೆಯ ಕಿಟಕಿ ತೆರೆಯುತ್ತದೆ, ಎಕ್ಸೆಲ್‌ನಲ್ಲಿ ಮೇಲಿನ ಕೋಶದಲ್ಲಿರುವುದನ್ನು ಕೆಳಕ್ಕೆ ತುಂಬುತ್ತದೆ, ಕ್ರೋಮ್‌ನಲ್ಲಿ ಪುಟಕ್ಕೆ ಬುಕ್‌ಮಾರ್ಕ್ ಇಡುತ್ತದೆ, ಫೋಟೋಶಾಪ್‌ನಲ್ಲಿ ಆಯ್ಕೆಯನ್ನು ಬಿಡಿಸುತ್ತದೆ. ಪೇಜ್‌ಮೇಕರ್ ಮತ್ತು ಇನ್‌ಡಿಸೈನ್ ಬಳಸುವ ಡಿಟಿಪಿಯವರಿಗೆ ಅದು ಪುಟಕ್ಕೆ ಚಿತ್ರ ಅಥವಾ ಪಠ್ಯ ತಂದು ಕೂರಿಸುವ ಕೀಲಿ. ಲಿನಕ್ಸ್ ಟರ್ಮಿನಲ್‌ನಲ್ಲಿ ‘ನನ್ನ ಮಾತು ಮುಗಿಯಿತು’ ಎಂದು ತಿಳಿಸುವ ಗುರುತು. ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಬಂದವರು ತಡವರಿಸುವುದು ಈ ಕಾರಣಕ್ಕೆ. ಎಲ್ಲೆಡೆ ಒಂದೇ ಅರ್ಥ ಉಳಿಸಿಕೊಂಡ ಶಾರ್ಟ್‌ಕಟ್‌ಗಳು ಬೆರಳೆಣಿಕೆಯಷ್ಟು ಮಾತ್ರ, ಅವುಗಳ ಹಿಂದೆ ಒಂದೊಂದು ಕತೆ ಇದೆ.

ಇತಿಹಾಸ

ಇನ್ನೊಂದು ಕೀಲಿಯ ಅರ್ಥ ಬದಲಿಸುವ ಕೀಲಿ ಕಂಪ್ಯೂಟರಿಗಿಂತ ಹಳೆಯದು. ಅಮೆರಿಕದ ಕ್ರಿಸ್ಟೋಫರ್ ಲ್ಯಾಥಮ್ ಶೋಲ್ಸ್ ಮತ್ತು ಸಂಗಡಿಗರು ರೂಪಿಸಿ ರೆಮಿಂಗ್ಟನ್ ಕಂಪನಿ ತಯಾರಿಸಿದ ಮೊದಲ ಟೈಪ್‌ರೈಟರ್‌ನಲ್ಲಿ ದೊಡ್ಡಕ್ಷರ ಮಾತ್ರ ಇದ್ದವು. 1878ರ ಎರಡನೆಯ ಮಾದರಿಯಲ್ಲಿ ಶಿಫ್ಟ್ ಬಂತು, ಒಂದೇ ಕೀಲಿ ಎರಡು ಅಕ್ಷರ ಹೊರತೊಡಗಿತು.

ಕಂಟ್ರೋಲ್ ಕೀಲಿಯ ತವರು ಟೆಲಿಪ್ರಿಂಟರ್. ತಂತಿಯ ಆಚೆ ತುದಿಯ ಯಂತ್ರಕ್ಕೆ ಅಕ್ಷರಗಳ ಜೊತೆಗೆ ‘ಗಂಟೆ ಬಾರಿಸು’, ‘ಹೊಸ ಸಾಲಿಗೆ ಹೋಗು’, ‘ಸಂದೇಶ ಮುಗಿಯಿತು’ ಎಂಬ ಸೂಚನೆಗಳನ್ನೂ ಕಳಿಸಬೇಕಿತ್ತು. 1963ರಲ್ಲಿ ರೂಪುಗೊಂಡ ಆಸ್ಕಿ ಸಂಕೇತಪಟ್ಟಿ ಮೊದಲ 32 ಸ್ಥಾನಗಳನ್ನು ಇಂಥ ಸೂಚನೆಗಳಿಗೆ ಮೀಸಲಿಟ್ಟಿತು. ಕಂಟ್ರೋಲ್ ಹಿಡಿದು ಅಕ್ಷರ ಒತ್ತಿದರೆ ಆ ದೊಡ್ಡಕ್ಷರದ ಸಂಕೇತದಿಂದ 64 ಕಳೆದ ಸಂಖ್ಯೆ ಹೊರಡುತ್ತಿತ್ತು. ಜಿ ಅಕ್ಷರದ ಸಂಕೇತ 71, ಅದರಿಂದ 64 ಕಳೆದರೆ 7, ಅದು ಗಂಟೆ. ಐ ಅಕ್ಷರದಿಂದ 9, ಅದು ಟ್ಯಾಬ್. ಎಂ ಅಕ್ಷರದಿಂದ 13, ಅದು ಎಂಟರ್. ಯುನಿಕ್ಸ್ ಮತ್ತು ಲಿನಕ್ಸ್ ಟರ್ಮಿನಲ್‌ಗಳಲ್ಲಿ ಇಂದಿಗೂ ಕಂಟ್ರೋಲ್+ಎಂ ಒತ್ತಿದರೆ ಎಂಟರ್ ಒತ್ತಿದಂತೆಯೇ. ಇದೇ ಟರ್ಮಿನಲ್‌ಗಳಲ್ಲಿ ಕಂಟ್ರೋಲ್+ಸಿ ಓಡುತ್ತಿರುವ ಪ್ರೋಗ್ರಾಂ ನಿಲ್ಲಿಸುತ್ತದೆ, ನಕಲಿಸುವುದಿಲ್ಲ. ಟರ್ಮಿನಲ್‌ಗೆ ಹೊಸಬರು ಮೊದಲ ದಿನವೇ ಎಡವುವ ಜಾಗ ಇದು. ಎಸ್ಕೇಪ್ ಕೀಲಿಯೂ ಇದೇ ಕಾಲದ್ದು. ಐಬಿಎಂನಲ್ಲಿದ್ದ ಬಾಬ್ ಬೀಮರ್ 1960ರಲ್ಲಿ ಅದನ್ನು ಸೂಚಿಸಿದರು. ಒಂದು ಸಂಕೇತಪಟ್ಟಿಯಿಂದ ಇನ್ನೊಂದಕ್ಕೆ ದಾಟುವ ಬಾಗಿಲಾಗಿ ಅವರು ಅದನ್ನು ಕಲ್ಪಿಸಿದ್ದರು.

1970ರ ದಶಕದ ಪಠ್ಯ ಸಂಪಾದಕಗಳು ಶಾರ್ಟ್‌ಕಟ್‌ಗಳನ್ನು ಒಂದು ಶಾಸ್ತ್ರವನ್ನಾಗಿಯೇ ಬೆಳೆಸಿದವು. ಬರ್ಕ್ಲಿಯಲ್ಲಿ ಬಿಲ್ ಜಾಯ್ 1976ರಲ್ಲಿ ಬರೆದ ವಿಐ ಸಂಪಾದಕದಲ್ಲಿ ಕರ್ಸರ್ ಸರಿಸಲು ಹೆಚ್, ಜೆ, ಕೆ, ಎಲ್ ಕೀಲಿಗಳು. ಜಾಯ್ ಬಳಸುತ್ತಿದ್ದ ಎಡಿಎಂ-3ಎ ಟರ್ಮಿನಲ್‌ನಲ್ಲಿ ಬಾಣದ ಗುರುತುಗಳನ್ನು ಅಚ್ಚುಹಾಕಿದ್ದದ್ದು ಆ ನಾಲ್ಕು ಅಕ್ಷರಗಳ ಮೇಲೆಯೇ. ಅದರ ಎಸ್ಕೇಪ್ ಕೀಲಿಯೂ ಈಗ ಟ್ಯಾಬ್ ಇರುವಲ್ಲಿ, ಕಿರುಬೆರಳಿಗೆ ಎಟಕುವಂತೆ ಇತ್ತು. ಆ ಟರ್ಮಿನಲ್ ಬಳಕೆಯಿಂದ ಮರೆಯಾಗಿ ಎಷ್ಟೋ ಕಾಲವಾಗಿದೆ. ಅದರ ಕೀಲಿಗಳ ಜೋಡಣೆ ಮಾತ್ರ ಇಂದಿನ ಪ್ರೋಗ್ರಾಮರುಗಳ ಬೆರಳುಗಳಲ್ಲಿ ಜೀವಂತವಾಗಿದೆ. ಅದೇ 1976ರಲ್ಲಿ ಎಂಐಟಿಯಲ್ಲಿ ರಿಚರ್ಡ್ ಸ್ಟಾಲ್‌ಮನ್ ಮತ್ತು ಗೆಳೆಯರು ಕಟ್ಟಿದ ಈಮ್ಯಾಕ್ಸ್ ಬೇರೆ ಹಾದಿ ಹಿಡಿಯಿತು. ಅಲ್ಲಿ ಕಂಟ್ರೋಲ್+ಎ ಸಾಲಿನ ಮೊದಲಿಗೆ, ಕಂಟ್ರೋಲ್+ಇ ಕೊನೆಗೆ. ಇವು ಲಿನಕ್ಸ್ ಟರ್ಮಿನಲ್‌ನಲ್ಲಷ್ಟೇ ಅಲ್ಲ, ಮ್ಯಾಕ್‌ನ ಬಹುತೇಕ ಬರೆಯುವ ಚೌಕಗಳಲ್ಲೂ ಇಂದು ನಡೆಯುತ್ತವೆ.

ಮನೆ, ಕಚೇರಿಗಳ ಪುಟ್ಟ ಕಂಪ್ಯೂಟರಿಗೆ ಬಂದ ವರ್ಡ್‌ಸ್ಟಾರ್ 1978ರದು. ಆ ಕಾಲದ ಅನೇಕ ಕೀಲಿಮಣೆಗಳಲ್ಲಿ ಬಾಣದ ಕೀಲಿಗಳೇ ಇರಲಿಲ್ಲ. ಹಾಗಾಗಿ ಎಡಗೈ ಬೆರಳುಗಳ ಕೆಳಗಿನ ಇ, ಎಸ್, ಡಿ, ಎಕ್ಸ್ ಎಂಬ ನಾಲ್ಕು ಕೀಲಿಗಳ ವಜ್ರಾಕೃತಿಯನ್ನು ಕಂಟ್ರೋಲ್ ಜೊತೆ ಸೇರಿಸಿ ಕರ್ಸರ್ ಓಡಿಸಬೇಕಿತ್ತು. ಕಂಟ್ರೋಲ್+ಕೆ ಒತ್ತಿ ಬಿ ಅಂದರೆ ಆಯ್ಕೆಯ ಆರಂಭ, ಮತ್ತೆ ಕಂಟ್ರೋಲ್+ಕೆ ಒತ್ತಿ ಕೆ ಅಂದರೆ ಅಂತ್ಯ. ನಮ್ಮಲ್ಲಿಯೂ ಕಂಪ್ಯೂಟರಿಗೆ ಬಂದ ಮೊದಲ ತಲೆಮಾರಿನ ಟೈಪಿಸ್ಟರು ಕಲಿತದ್ದು ಇದನ್ನೇ. ಅಮೆರಿಕದ ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್ ತಮ್ಮ ಬೃಹತ್ ಕಾದಂಬರಿಗಳನ್ನು ಡಾಸ್ ಯಂತ್ರದ ಮೇಲೆ ವರ್ಡ್‌ಸ್ಟಾರ್‌ನಲ್ಲೇ ಬರೆಯುತ್ತಾ ಬಂದರು.

ಈಗ ನಾವೆಲ್ಲ ಬಳಸುವ ಕತ್ತರಿಸು, ನಕಲಿಸು, ಅಂಟಿಸು ಎಂಬ ತ್ರಿವಳಿಯ ಹಿಂದಿರುವ ಮುಖ್ಯ ಹೆಸರು ಲ್ಯಾರಿ ಟೆಸ್ಲರ್. ಕ್ಯಾಲಿಫೋರ್ನಿಯಾದ ಝೆರಾಕ್ಸ್ ಪಾರ್ಕ್ ಸಂಶೋಧನಾಲಯದಲ್ಲಿ ಅವರು ಮತ್ತು ಟಿಮ್ ಮಾಟ್ 1970ರ ದಶಕದ ನಡುವಿನಲ್ಲಿ ಪಠ್ಯಪುಸ್ತಕ ಪ್ರಕಾಶಕರಿಗಾಗಿ ಜಿಪ್ಸಿ ಎಂಬ ಸಂಪಾದಕವನ್ನು ಕಟ್ಟಿದರು. ಹಸ್ತಪ್ರತಿಯನ್ನು ಕತ್ತರಿಯಿಂದ ಕತ್ತರಿಸಿ ಅಂಟಿನಿಂದ ಜೋಡಿಸುತ್ತಿದ್ದ ಸಂಪಾದಕರ ಕೆಲಸವನ್ನು ಹತ್ತಿರದಿಂದ ನೋಡಿ, ಅದೇ ನಡೆಯನ್ನು ಪರದೆಗೆ ತಂದರು. ಮುಂದೆ ಟೆಸ್ಲರ್ ಆಪಲ್ ಸೇರಿದರು. 1983ರ ಲೀಸಾ ಕಂಪ್ಯೂಟರಿನಲ್ಲಿ ಝಡ್, ಎಕ್ಸ್, ಸಿ, ವಿ ಎಂಬ ಒತ್ತೊತ್ತಾದ ನಾಲ್ಕು ಕೀಲಿಗಳಿಗೆ ರದ್ದು, ಕತ್ತರಿಸು, ನಕಲಿಸು, ಅಂಟಿಸು ಎಂಬ ಕೆಲಸಗಳು ಸಂದವು. ಎಕ್ಸ್ ಎಂದರೆ ಹೊಡೆದುಹಾಕುವ ಗುರುತು, ವಿ ಎಂದರೆ ಪ್ರೂಫ್ ತಿದ್ದುವವರು ಸೇರಿಸಬೇಕಾದಲ್ಲಿ ಹಾಕುವ ಗುರುತಿನ ತಲೆಕೆಳಗಾದ ರೂಪ ಎಂಬುದು ಟೆಸ್ಲರ್ ಕೊಟ್ಟ ವಿವರಣೆ. 2020ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡಾಗ ಜಗತ್ತಿನ ಪತ್ರಿಕೆಗಳು ಅವರನ್ನು ನೆನೆದದ್ದು ಈ ಕೊಡುಗೆಗಾಗಿಯೇ.

1984ರ ಮ್ಯಾಕಿಂತೋಷ್‌ನಲ್ಲಿ ಇದೇ ಜೋಡಣೆ ಕಮಾಂಡ್ ಕೀಲಿಯ ಜೊತೆ ಬಂತು. ಆ ಕೀಲಿಯ ಗುರುತಾಗಿ ಮೆನುಗಳ ತುಂಬ ಆಪಲ್ ಲಾಂಛನ ಮೂಡುವುದನ್ನು ಸ್ಟೀವ್ ಜಾಬ್ಸ್ ಒಪ್ಪದಿದ್ದಾಗ, ಚಿತ್ರಕಲಾವಿದೆ ಸೂಸನ್ ಕೇರ್ ಚಿಹ್ನೆಗಳ ಕೋಶವೊಂದನ್ನು ತಿರುವಿ, ಸ್ವೀಡನ್ನಿನಲ್ಲಿ ನೋಡತಕ್ಕ ಸ್ಥಳಗಳನ್ನು ಸೂಚಿಸುವ ನಾಲ್ಕು ಕುಣಿಕೆಗಳ ಚೌಕವನ್ನು ಆರಿಸಿದರು. ಆ ಮೊದಲ ಮ್ಯಾಕ್‌ನ ಕೀಲಿಮಣೆಯಲ್ಲಿ ಬಾಣದ ಕೀಲಿಗಳಿರಲಿಲ್ಲ. ಜನ ಮೌಸ್ ಹಿಡಿಯಲಿ ಎಂಬುದೇ ಉದ್ದೇಶ.

ಐಬಿಎಂ 1987ರಲ್ಲಿ ಎಲ್ಲ ತಂತ್ರಾಂಶಗಳಿಗೂ ಒಂದೇ ಕ್ರಮ ತರಲು ನಿಯಮಾವಳಿ ಹೊರಡಿಸಿತು. ಸಹಾಯಕ್ಕೆ ಎಫ್1, ಮುಚ್ಚಲು ಆಲ್ಟ್+ಎಫ್4 ಅಲ್ಲಿಂದ ಬಂದವು. ಕತ್ತರಿಸಲು ಶಿಫ್ಟ್+ಡಿಲೀಟ್, ನಕಲಿಸಲು ಕಂಟ್ರೋಲ್+ಇನ್ಸರ್ಟ್, ಅಂಟಿಸಲು ಶಿಫ್ಟ್+ಇನ್ಸರ್ಟ್ ಎಂಬುದು ಅದರ ಕ್ರಮ. 1990ರ ದಶಕದಲ್ಲಿ ವಿಂಡೋಸ್ ಆಪಲ್‌ನ ಝಡ್, ಎಕ್ಸ್, ಸಿ, ವಿ ಜೋಡಣೆಯನ್ನು ಕಂಟ್ರೋಲ್ ಕೀಲಿಗೆ ಒಗ್ಗಿಸಿಕೊಂಡಿತು, ಹಳೆಯದನ್ನೂ ಕೈಬಿಡಲಿಲ್ಲ. ಇಂದಿನ ವಿಂಡೋಸ್‌ನಲ್ಲಿ ಕಂಟ್ರೋಲ್+ಇನ್ಸರ್ಟ್ ಒತ್ತಿ ನೋಡಿದರೆ ನಕಲಾಗುತ್ತದೆ.

ಕಂಟ್ರೋಲ್+ಆಲ್ಟ್+ಡಿಲೀಟ್ ಕಟ್ಟಿದವರು ಐಬಿಎಂ ಪಿಸಿ ತಂಡದ ಡೇವಿಡ್ ಬ್ರಾಡ್ಲಿ. 1981ರಲ್ಲಿ ಬಂದ ಆ ಯಂತ್ರವನ್ನು ರೂಪಿಸುವಾಗ ಪದೇಪದೇ ಆರಿಸಿ ಹಚ್ಚುವ ಬದಲು ಬೇಗ ಮರುಚಾಲನೆ ಮಾಡಲು ತಂಡದೊಳಗಿನ ಬಳಕೆಗೆಂದು ಅದನ್ನು ಮಾಡಿದ್ದರು. ಒಂದು ಕೈಯಿಂದ ಅಕಸ್ಮಾತ್ ಒತ್ತಿಬಿಡಬಾರದೆಂದು ದೂರದ ಕೀಲಿಯನ್ನು ಆರಿಸಿದ್ದು ಬುದ್ಧಿವಂತಿಕೆ. ವಿಂಡೋಸ್ ಎನ್‌ಟಿ ಬಂದಾಗ ಅದೇ ಕೀಲಿಜೋಡಿಗೆ ಕಾವಲಿನ ಕೆಲಸ ಸಿಕ್ಕಿತು. ಆ ಮೂರನ್ನು ಒತ್ತಿದ್ದು ಕಾರ್ಯಾಚರಣ ವ್ಯವಸ್ಥೆಗಷ್ಟೇ ಮುಟ್ಟುತ್ತದೆ, ಬೇರೆ ಯಾವ ತಂತ್ರಾಂಶವೂ ಅದನ್ನು ನಡುವೆ ಹಿಡಿಯಲಾರದು. ಹಾಗಾಗಿ ಒತ್ತಿದ ಮೇಲೆ ಕಾಣುವ ಪಾಸ್‌ವರ್ಡ್ ಪರದೆ ನಕಲಿಯಲ್ಲ ಎಂದು ನಂಬಬಹುದಿತ್ತು. ವಿಂಡೋಸ್ ಕೀಲಿ 1994ರಲ್ಲಿ ಮೈಕ್ರೋಸಾಫ್ಟ್‌ನದೇ ಕೀಲಿಮಣೆಯೊಂದರ ಮೇಲೆ ಕಾಣಿಸಿಕೊಂಡು ವಿಂಡೋಸ್ 95ರೊಡನೆ ಎಲ್ಲೆಡೆ ಹರಡಿತು. ಆ ಬಳಿಕ ಬಂದ ದೊಡ್ಡ ಬದಲಾವಣೆ 2024ರ ಕೋಪೈಲಟ್ ಕೀಲಿ.

ಎಷ್ಟು ವೇಗ

ಶಾರ್ಟ್‌ಕಟ್‌ನಿಂದ ಎಷ್ಟು ಹೊತ್ತು ಉಳಿಯುತ್ತದೆ ಎಂದು ಲೆಕ್ಕ ಹಾಕಲು ಒಂದು ಗಟ್ಟಿ ಆಧಾರವಿದೆ. ಸ್ಟೂವರ್ಟ್ ಕಾರ್ಡ್, ಥಾಮಸ್ ಮೊರಾನ್, ಆಲನ್ ನ್ಯೂವೆಲ್ 1980ರಲ್ಲಿ ಪ್ರಕಟಿಸಿದ ಮಾದರಿ ಕಂಪ್ಯೂಟರ್ ಮುಂದಿನ ಪ್ರತಿ ಚಲನೆಗೂ ಒಂದು ಅವಧಿ ಕೊಡುತ್ತದೆ. ನುರಿತ ಟೈಪಿಸ್ಟ್ ಒಂದು ಕೀಲಿ ಒತ್ತಲು ಸುಮಾರು 0.2 ಸೆಕೆಂಡು, ಕೀಲಿಮಣೆಯಿಂದ ಮೌಸಿಗೆ ಕೈ ಸರಿಸಲು 0.4, ಪರದೆಯ ಮೇಲಿನ ಗುರಿಯತ್ತ ಬಾಣ ಒಯ್ಯಲು 1.1, ಮುಂದೇನೆಂದು ಮನಸ್ಸಿನಲ್ಲಿ ನಿರ್ಧರಿಸಲು 1.35. ಈ ಲೆಕ್ಕದಲ್ಲಿ ಮೌಸ್ ಹಿಡಿದು, ಮೆನು ತೆರೆದು, ‘ನಕಲಿಸು’ ಒತ್ತಿ, ಕೈಯನ್ನು ಮರಳಿ ತರಲು 3.4 ಸೆಕೆಂಡು. ಕಂಟ್ರೋಲ್+ಸಿಗೆ 0.4. ಯೋಚಿಸುವ ಹೊತ್ತು ಎರಡಕ್ಕೂ ಸಮ ಎಂದಿಟ್ಟುಕೊಂಡರೆ ಉಳಿದದ್ದು 3 ಸೆಕೆಂಡು. ದಿನಕ್ಕೆ ನೂರು ಸಲ ಮಾಡಿದರೆ ಐದು ನಿಮಿಷ.

ಐದು ನಿಮಿಷದಿಂದ ಯಾರ ಬದುಕೂ ಬದಲಾಗದು. ಆದರೆ ಆ ಮೂರು ಸೆಕೆಂಡಿನಲ್ಲಿ ಏನಾಗುತ್ತದೆ ಎಂಬುದನ್ನು ಗಮನಿಸಬೇಕು. ಕಣ್ಣು ಬರೆಯುತ್ತಿದ್ದ ವಾಕ್ಯವನ್ನು ಬಿಟ್ಟು ಪರದೆಯ ಮೇಲಂಚಿಗೆ ಹೋಗುತ್ತದೆ, ಹತ್ತಾರು ಹೆಸರುಗಳಲ್ಲಿ ಒಂದನ್ನು ಓದಿ ಆರಿಸುತ್ತದೆ, ಮರಳಿ ಬಂದು ಕರ್ಸರ್ ಎಲ್ಲಿತ್ತೆಂದು ಹುಡುಕುತ್ತದೆ. ಕಟ್ಟುತ್ತಿದ್ದ ವಾಕ್ಯ ಅಷ್ಟರಲ್ಲಿ ಸಡಿಲವಾಗಿರುತ್ತದೆ. ಬೆರಳಿಗೆ ಕರಗತವಾದ ಶಾರ್ಟ್‌ಕಟ್ ಈ ಅಲೆದಾಟವನ್ನು ತಪ್ಪಿಸುತ್ತದೆ.

ಇದನ್ನು ಒಪ್ಪದವರೂ ಇದ್ದರು. ಆಪಲ್‌ನ ಬ್ರೂಸ್ ಟೊಗ್ನಾಝಿನಿ 1980ರ ದಶಕದ ಕೊನೆಯಲ್ಲಿ, ಕೀಲಿಮಣೆ ವೇಗವೆಂದು ಬಳಕೆದಾರರಿಗೆ ಅನ್ನಿಸುತ್ತದೆ, ಗಡಿಯಾರ ಹಿಡಿದು ನೋಡಿದರೆ ಮೌಸೇ ಮುಂದಿದೆ ಎಂದು ವಾದಿಸಿದರು. ಯಾವ ಕೀಲಿ ಎಂದು ನೆನಪಿಸಿಕೊಳ್ಳುವ ಹೊತ್ತು ನಮ್ಮ ಅರಿವಿಗೇ ಬರುವುದಿಲ್ಲ ಎಂಬುದು ಅವರ ಕಾರಣ. ಅಪರೂಪಕ್ಕೊಮ್ಮೆ ಬಳಸುವ ಆಜ್ಞೆಗಳ ಮಟ್ಟಿಗೆ ಅವರ ಮಾತು ಸರಿ. ನೆನಪಿಸಿಕೊಳ್ಳಬೇಕಾದ ಶಾರ್ಟ್‌ಕಟ್ ಇನ್ನೂ ಶಾರ್ಟ್‌ಕಟ್ ಆಗಿಲ್ಲ. ದಿನವೂ ಹತ್ತಾರು ಸಲ ಬೇಕಾಗುವ ಆಜ್ಞೆಗಳಿಗೆ ಈ ವಾದ ಅನ್ವಯಿಸದು, ಅಲ್ಲಿ ನೆನಪಿನ ಕೆಲಸ ಬೆರಳಿಗೆ ಇಳಿದಿರುತ್ತದೆ. ಇನ್ನೊಂದು ಕಡೆ, ಅಮೆರಿಕದ ರೈಸ್ ವಿಶ್ವವಿದ್ಯಾಲಯದ ಡೇವಿಡ್ ಲೇನ್ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವರ್ಡ್‌ನ 251 ಅನುಭವಿ ಬಳಕೆದಾರರನ್ನು ವಿಚಾರಿಸಿದಾಗ, ಹೆಚ್ಚಿನವರು ಮೆನು ಮತ್ತು ಐಕಾನ್‌ಗಳಲ್ಲೇ ಉಳಿದಿದ್ದರು. ಅನುಭವ ತಾನಾಗಿಯೇ ಶಾರ್ಟ್‌ಕಟ್ ಕಲಿಸುವುದಿಲ್ಲ. ಮೆನುವಿನಲ್ಲಿ ಪ್ರತಿ ಹೆಸರಿನ ಬಲಕ್ಕೆ ಅದರ ಕೀಲಿಯನ್ನು ಬರೆದೇ ಇಟ್ಟಿದ್ದರೂ ಕಣ್ಣು ಅದನ್ನು ದಾಟಿಹೋಗುತ್ತದೆ.

ಟ್ಯಾಲಿಯ ಕೈಚಳಕ

ಮೌಸ್ ಮುಟ್ಟದೆ ದಿನವಿಡೀ ಕೆಲಸ ಮಾಡುವವರನ್ನು ನೋಡಬೇಕಾದರೆ ಸಾಫ್ಟ್‌ವೇರ್ ಕಂಪನಿಗೇ ಹೋಗಬೇಕೆಂದಿಲ್ಲ. ಚಿಕ್ಕಪೇಟೆಯ ಬಟ್ಟೆ ವ್ಯಾಪಾರಿಯ ಲೆಕ್ಕದ ಮೇಜಿನ ಬಳಿ, ದಾವಣಗೆರೆಯ ಮಂಡಿಯಲ್ಲಿ, ಯಾವುದೇ ಊರಿನ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಟ್ಯಾಲಿ ಮುಂದೆ ಕುಳಿತವರನ್ನು ನೋಡಿದರೆ ಸಾಕು. ಟ್ಯಾಲಿ ಬೆಂಗಳೂರಿನ ಲೆಕ್ಕದ ತಂತ್ರಾಂಶ. ಶ್ಯಾಮಸುಂದರ ಗೋಯೆಂಕಾ ತಮ್ಮ ವ್ಯಾಪಾರದ ಲೆಕ್ಕ ಇಡಲು ತಕ್ಕ ತಂತ್ರಾಂಶ ಸಿಗದೆ, ಗಣಿತ ಓದಿದ್ದ ಮಗ ಭರತ್ ಗೋಯೆಂಕಾ ಅವರಿಗೆ ಆ ಕೆಲಸ ಒಪ್ಪಿಸಿದರು. 1986ರಲ್ಲಿ ಪ್ಯೂಟ್ರಾನಿಕ್ಸ್ ಎಂಬ ಹೆಸರಿನಲ್ಲಿ ಶುರುವಾದ ಕಂಪನಿ ಮುಂದೆ ಟ್ಯಾಲಿ ಸೊಲ್ಯೂಷನ್ಸ್ ಆಯಿತು. 2020ರಲ್ಲಿ ಭರತ್ ಅವರಿಗೆ ಪದ್ಮಶ್ರೀ ಘೋಷಣೆಯಾಯಿತು.

ಮೊದಲ ಆವೃತ್ತಿ ಡಾಸ್ ಕಾಲದ್ದು, ಅಲ್ಲಿ ಮೌಸಿನ ಪ್ರಶ್ನೆಯೇ ಇರಲಿಲ್ಲ. ವಿಂಡೋಸ್ ಬಂದ ಮೇಲೂ ಟ್ಯಾಲಿ ಕೀಲಿಮಣೆಯನ್ನೇ ಮುಂದಿಟ್ಟುಕೊಂಡಿತು. ಲೆಕ್ಕದ ಕೆಲಸದ ಸ್ವಭಾವವನ್ನು ನೋಡಿದರೆ ಈ ಆಯ್ಕೆ ಎಷ್ಟು ಸರಿ ಎಂಬುದು ತಿಳಿಯುತ್ತದೆ. ಗುಮಾಸ್ತರ ಕಣ್ಣು ಎಡಗಡೆಯ ಬಿಲ್ಲಿನ ಕಟ್ಟಿನ ಮೇಲಿರುತ್ತದೆ, ಬಲಗೈ ಅಂಕಿಗಳ ಪಟ್ಟಿಯ ಮೇಲೆ. ಪರದೆಯತ್ತ ನೋಡುವುದು ತಾಳೆಗಾಗಿ ಮಾತ್ರ. ಎಫ್4 ಕಾಂಟ್ರಾ, ಎಫ್5 ಪಾವತಿ, ಎಫ್6 ರಸೀದಿ, ಎಫ್7 ಜರ್ನಲ್, ಎಫ್8 ಮಾರಾಟ, ಎಫ್9 ಖರೀದಿ. ಒಂದೊಂದು ಬಗೆಯ ವೋಚರಿಗೆ ಒಂದೊಂದು ಕೀಲಿ, ಮೇಲಿನ ಸಾಲಿನಲ್ಲಿ ಅನುಕ್ರಮವಾಗಿ. ಎಫ್2 ಒತ್ತಿ 1-4 ಎಂದು ಬರೆದರೆ ಏಪ್ರಿಲ್ ಒಂದು ಎಂದು ಅದು ತಾನೇ ಅರಿಯುತ್ತದೆ. ಎಂಟರ್ ಒತ್ತುತ್ತಾ ಹೋದರೆ ಒಂದು ಖಾನೆಯಿಂದ ಮುಂದಿನ ಖಾನೆಗೆ, ಬ್ಯಾಕ್‌ಸ್ಪೇಸ್‌ನಿಂದ ಹಿಂದಿನದಕ್ಕೆ, ಎಸ್ಕೇಪ್‌ನಿಂದ ಹಿಂದಿನ ಪರದೆಗೆ. ಬಿಲ್ಲಿನಲ್ಲಿ ಹೊಸ ವ್ಯಾಪಾರಿಯ ಹೆಸರು ಬಂದರೆ ವೋಚರ್ ಬಿಟ್ಟು ಹೊರಹೋಗಬೇಕಿಲ್ಲ, ಆಲ್ಟ್+ಸಿ ಒತ್ತಿ ಅಲ್ಲೇ ಲೆಡ್ಜರ್ ತೆರೆದು ಮುಂದುವರಿಯಬಹುದು. ಅದೇ ಬಗೆಯ ವೋಚರ್ ಮತ್ತೆ ಬಂದರೆ ಆಲ್ಟ್+2 ಅದರ ಪ್ರತಿ ತೆಗೆಯುತ್ತದೆ. ಎಲ್ಲ ಸರಿಯಿದ್ದರೆ ಕಂಟ್ರೋಲ್+ಎ, ವೋಚರ್ ದಾಖಲಾಯಿತು.

ಇಲ್ಲಿ ಶಾರ್ಟ್‌ಕಟ್ ಎನ್ನುವುದು ಮೆನುವಿಗೆ ಪರ್ಯಾಯವಾದ ಒಳದಾರಿಯಲ್ಲ, ಅದೇ ರಾಜಮಾರ್ಗ. 2020ರ ಕೊನೆಯಲ್ಲಿ ಟ್ಯಾಲಿಪ್ರೈಮ್ ಬಂದು ಪರದೆಯ ಜೋಡಣೆ ಬದಲಾದಾಗಲೂ ಈ ವೋಚರ್ ಕೀಲಿಗಳನ್ನು ಮುಟ್ಟಲಿಲ್ಲ. ಜೊತೆಗೆ ಆಲ್ಟ್+ಜಿ ಸೇರಿಸಿದರು. ಬೇಕಾದ ವರದಿಯ ಹೆಸರಿನ ಮೊದಲ ಅಕ್ಷರಗಳನ್ನು ಬರೆದರೆ ಎಲ್ಲಿದ್ದರೂ ನೇರ ಅಲ್ಲಿಗೆ. ತಲೆಮಾರುಗಳ ಬೆರಳಭ್ಯಾಸವನ್ನು ಗೌರವಿಸಿದ ವಿನ್ಯಾಸ ಎಂದು ಇದನ್ನು ಮೆಚ್ಚಬೇಕು. ಕಂಪ್ಯೂಟರ್ ಶಿಕ್ಷಣದ ಪಠ್ಯಗಳು ದೂರದ ಉದಾಹರಣೆಗಳನ್ನು ಹುಡುಕುವ ಬದಲು ಈ ಗುಮಾಸ್ತರ ಕೈಗಳನ್ನು ತೋರಿಸಿದರೆ ಮಕ್ಕಳು ಬೇಗ ಕಲಿತಾರು.

ಬರವಣಿಗೆ, ಕೋಷ್ಟಕ, ಜಾಲ

ದಿನಬಳಕೆಯಲ್ಲಿ ಅತಿ ಹೆಚ್ಚು ಫಲ ಕೊಡುವ ಶಾರ್ಟ್‌ಕಟ್‌ಗಳು ಕರ್ಸರ್ ಓಡಿಸುವವು, ಹೊಸಬರಿಗೆ ಅತಿ ಕಡಿಮೆ ಕಲಿಸುವವೂ ಅವೇ. ಕಂಟ್ರೋಲ್ ಹಿಡಿದು ಬಾಣದ ಕೀಲಿ ಒತ್ತಿದರೆ ಕರ್ಸರ್ ಅಕ್ಷರಕ್ಕೆ ಬದಲು ಪದದಿಂದ ಪದಕ್ಕೆ ಜಿಗಿಯುತ್ತದೆ. ಹೋಮ್ ಸಾಲಿನ ಮೊದಲಿಗೆ, ಎಂಡ್ ಕೊನೆಗೆ, ಕಂಟ್ರೋಲ್ ಸೇರಿದರೆ ಇಡೀ ಕಡತದ ಮೊದಲಿಗೆ ಮತ್ತು ಕೊನೆಗೆ. ಇವಕ್ಕೆಲ್ಲ ಶಿಫ್ಟ್ ಸೇರಿಸಿದರೆ ದಾಟಿದ ಭಾಗ ಆಯ್ಕೆಯಾಗುತ್ತದೆ. ಒಂದು ತತ್ತ್ವ ತಿಳಿದರೆ ಹತ್ತಾರು ಜೋಡಿಗಳು ಬಾಯಿಪಾಠವಿಲ್ಲದೆ ಕೈಗೆ ಬರುತ್ತವೆ. ಕಂಟ್ರೋಲ್+ಬ್ಯಾಕ್‌ಸ್ಪೇಸ್ ಹಿಂದಿನ ಪದವನ್ನು ಒಟ್ಟಿಗೇ ಅಳಿಸುತ್ತದೆ.

ಎಕ್ಸೆಲ್‌ನಲ್ಲಿ ಕಂಟ್ರೋಲ್+ಬಾಣ ಸಾವಿರಾರು ಸಾಲುಗಳ ಕೋಷ್ಟಕದ ಅಂಚಿಗೆ ಕ್ಷಣದಲ್ಲಿ ಒಯ್ಯುತ್ತದೆ. ಕಂಟ್ರೋಲ್ ಜೊತೆ ಅರ್ಧವಿರಾಮದ ಕೀಲಿ ಒತ್ತಿದರೆ ಇಂದಿನ ದಿನಾಂಕ, ಆಲ್ಟ್ ಜೊತೆ ಸಮಚಿಹ್ನೆ ಒತ್ತಿದರೆ ಮೇಲಿನ ಅಂಕಿಗಳ ಮೊತ್ತ. ಸೂತ್ರ ಬರೆಯುವಾಗ ಎಫ್4 ಕೋಶದ ವಿಳಾಸವನ್ನು ಸ್ಥಿರಗೊಳಿಸುತ್ತದೆ. 2007ರ ಆಫೀಸ್‌ನಿಂದೀಚೆಗೆ ಆಲ್ಟ್ ಒಂದನ್ನೇ ಒತ್ತಿ ಬಿಟ್ಟರೆ ಪರದೆಯ ಪ್ರತಿ ಗುಂಡಿಯ ಮೇಲೂ ಅದರ ಅಕ್ಷರ ಕಾಣುತ್ತದೆ, ನೆನಪಿಡುವ ಹೊರೆಯೇ ಇಲ್ಲದ ಶಾರ್ಟ್‌ಕಟ್ ಇದು.

ಜಾಲದ ಮೇಲೆ ಅಕಸ್ಮಾತ್ ಮುಚ್ಚಿಹೋದ ಟ್ಯಾಬನ್ನು ಕಂಟ್ರೋಲ್+ಶಿಫ್ಟ್+ಟಿ ಮರಳಿ ತರುತ್ತದೆ. ಉದ್ದನೆಯ ಪುಟದಲ್ಲಿ ಬೇಕಾದ ಪದ ಹುಡುಕಲು ಕಂಟ್ರೋಲ್+ಎಫ್. ಸರ್ಕಾರಿ ಅಧಿಸೂಚನೆಯ ನೂರು ಪುಟಗಳ ಪಿಡಿಎಫ್‌ನಲ್ಲಿ ತಮ್ಮ ಹೆಸರನ್ನು ಸಾಲು ಸಾಲಾಗಿ ಹುಡುಕುವವರಿಗೆ ಈ ಒಂದೇ ಕೀಲಿಜೋಡಿ ಕಲಿಸಿದರೂ ದೊಡ್ಡ ಉಪಕಾರ. ವಿಂಡೋಸ್+ವಿ ಇತ್ತೀಚಿನದು. 2018ರ ಕೊನೆಯಲ್ಲಿ ವಿಂಡೋಸ್ 10ಕ್ಕೆ ಬಂತು, ಹಿಂದೆ ನಕಲಿಸಿದ 25ರವರೆಗಿನ ತುಣುಕುಗಳನ್ನು ನೆನಪಿಟ್ಟುಕೊಂಡು ತೋರಿಸುತ್ತದೆ.

ಕಣ್ಣು ಕಾಣದವರ ಕೈಯಲ್ಲಿ

ದೃಷ್ಟಿಹೀನರಿಗೆ ಮೌಸ್‌ನಿಂದ ಉಪಯೋಗವಿಲ್ಲ, ಬಾಣದ ಗುರುತು ಎಲ್ಲಿದೆಯೆಂದು ಕಾಣದು. ಅವರಿಗೆ ಕೀಲಿಮಣೆಯೇ ಕಂಪ್ಯೂಟರು. ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶಗಳಲ್ಲಿ ಎನ್‌ವಿಡಿಎ ಹೆಚ್ಚು ಬಳಕೆಯಲ್ಲಿದೆ. ಆಸ್ಟ್ರೇಲಿಯಾದ ಮೈಕಲ್ ಕರ್ರನ್ 2006ರಲ್ಲಿ ಅದನ್ನು ಬರೆಯತೊಡಗಿದರು, ಜೇಮ್ಸ್ ಟೇ ಜೊತೆಗೂಡಿದರು. ಇಬ್ಬರೂ ದೃಷ್ಟಿಹೀನರು. ಅದು ಉಚಿತ, ಕನ್ನಡವನ್ನೂ ಓದುತ್ತದೆ. ಜಾಲಪುಟದಲ್ಲಿ ಹೆಚ್ ಒತ್ತಿದರೆ ಮುಂದಿನ ಶೀರ್ಷಿಕೆಗೆ, ಕೆ ಒತ್ತಿದರೆ ಮುಂದಿನ ಕೊಂಡಿಗೆ, ಟಿ ಒತ್ತಿದರೆ ಮುಂದಿನ ಕೋಷ್ಟಕಕ್ಕೆ. ಇನ್ಸರ್ಟ್+ಎಫ್7 ಪುಟದ ಎಲ್ಲ ಕೊಂಡಿಗಳ ಪಟ್ಟಿಯನ್ನು ಮುಂದಿಡುತ್ತದೆ. ಬೆಂಗಳೂರಿನ ಮಿತ್ರ ಜ್ಯೋತಿಯಂಥ ಸಂಸ್ಥೆಗಳು ಕೊಡುವ ಕಂಪ್ಯೂಟರ್ ತರಬೇತಿಯ ತಿರುಳೇ ಈ ಬಗೆಯ ಕೀಲಿಜ್ಞಾನ. ಚೆನ್ನಾಗಿ ಕಲಿತವರ ವೇಗ ಕಣ್ಣಿರುವವರನ್ನು ನಾಚಿಸುವಂಥದು.

ಆದರೆ ಜಾಲತಾಣ ಕಟ್ಟಿದವರು ಮೌಸನ್ನಷ್ಟೇ ನೆನೆದು ಗುಂಡಿಗಳನ್ನು ಮಾಡಿದ್ದರೆ ಆ ಜ್ಞಾನವೆಲ್ಲ ಬಾಗಿಲ ಹೊರಗೇ ನಿಲ್ಲಬೇಕಾಗುತ್ತದೆ. ಜಾಲದ ಮಾನದಂಡ ರೂಪಿಸುವ ಡಬ್ಲ್ಯು3ಸಿ ತನ್ನ 2008ರ ಮಾರ್ಗಸೂಚಿಯಲ್ಲಿ, ತಾಣದ ಪ್ರತಿಯೊಂದು ಕೆಲಸವೂ ಕೀಲಿಮಣೆಯಿಂದ ಸಾಧ್ಯವಾಗಬೇಕು ಎಂಬುದನ್ನು ತೀರ ಮೂಲಭೂತ ಮಟ್ಟದಲ್ಲಿಟ್ಟಿದೆ. 2018ರಲ್ಲಿ ಇನ್ನೊಂದು ಸೂಕ್ಷ್ಮ ನಿಯಮ ಸೇರಿತು. ಒಂದೇ ಅಕ್ಷರದ ಶಾರ್ಟ್‌ಕಟ್‌ಗಳಿದ್ದರೆ ಅವನ್ನು ನಿಲ್ಲಿಸುವ ಅಥವಾ ಬದಲಿಸುವ ಅವಕಾಶ ಇರಬೇಕು. ಇಲ್ಲದಿದ್ದರೆ, ಕೈ ಆಡಿಸಲಾರದೆ ಮಾತಿನಿಂದ ಕಂಪ್ಯೂಟರ್ ನಡೆಸುವವರು ಒಂದು ಪದ ನುಡಿದಾಗ ಅದರ ಪ್ರತಿ ಅಕ್ಷರವೂ ಒಂದೊಂದು ಆಜ್ಞೆಯಾಗಿ, ಮಿಂಚಂಚೆಗಳು ಅಳಿಸಿಹೋಗುವಂಥ ಅನಾಹುತ ನಡೆಯಬಹುದಿತ್ತು.

ಎರಡು ಕೀಲಿಗಳನ್ನು ಒಟ್ಟಿಗೆ ಹಿಡಿಯಲಾಗದವರಿಗೆ ಸ್ಟಿಕಿ ಕೀಸ್ ಇದೆ. ಶಿಫ್ಟನ್ನು ಐದು ಸಲ ಒತ್ತಿದರೆ ವಿಂಡೋಸ್ ಅದನ್ನು ಚಾಲೂ ಮಾಡಲೇ ಎಂದು ಕೇಳುತ್ತದೆ. ಆಮೇಲೆ ಕಂಟ್ರೋಲ್ ಒತ್ತಿ ಬಿಟ್ಟು, ಬಳಿಕ ಸಿ ಒತ್ತಿದರೂ ನಕಲಾಗುತ್ತದೆ. ಎಡವಿ ಒತ್ತಿದಾಗ ಬರುವ ಆ ಕಿಟಕಿಯನ್ನು ಕಿರಿಕಿರಿ ಎನ್ನುವವರುಂಟು. ಒಂದೇ ಕೈಯಿರುವವರಿಗೆ ಅದು ಇಲ್ಲದಿದ್ದರೆ ಕೆಲಸವೇ ಇಲ್ಲ.

ಕನ್ನಡದಲ್ಲಿ ಬರೆಯುವಾಗ

ಕನ್ನಡ ಬಳಕೆದಾರರ ಮೊದಲ ಶಾರ್ಟ್‌ಕಟ್ ಭಾಷೆ ಬದಲಿಸುವುದು. ‘ನುಡಿ’ ತಂತ್ರಾಂಶದಲ್ಲಿ ಅದು ಸ್ಕ್ರಾಲ್ ಲಾಕ್, ‘ಬರಹ’ ತಂತ್ರಾಂಶದಲ್ಲಿ ಎಫ್11, ವಿಂಡೋಸ್‌ನದೇ ಸೌಲಭ್ಯದಲ್ಲಿ ವಿಂಡೋಸ್+ಸ್ಪೇಸ್ ಅಥವಾ ಆಲ್ಟ್+ಶಿಫ್ಟ್, ಕನ್ನಡ ವಿಕಿಪೀಡಿಯದ ಬರೆಯುವ ಚೌಕದಲ್ಲಿ ಕಂಟ್ರೋಲ್+ಎಂ. ಬೇರೇನೋ ಮಾಡಹೊರಟು ಆಲ್ಟ್ ಮತ್ತು ಶಿಫ್ಟ್ ಒಟ್ಟಿಗೆ ತಗಲಿ ಭಾಷೆ ಬದಲಾಗಿ, ಪಾಸ್‌ವರ್ಡ್ ತಪ್ಪೆಂದು ಬರುತ್ತಿರುವುದೇಕೆ ಎಂದು ಕಂಗೆಡುವವರು ನಮ್ಮಲ್ಲಿ ಬಹಳ.

ಕೆ. ಪಿ. ರಾವ್ ರೂಪಿಸಿದ, ನುಡಿಯೂ ಅನುಸರಿಸುವ ಕೀಲಿವಿನ್ಯಾಸದಲ್ಲಿ ಅಲ್ಪಪ್ರಾಣ ನೇರ ಕೀಲಿಗೆ, ಮಹಾಪ್ರಾಣ ಶಿಫ್ಟ್ ಜೊತೆಗೆ. ಒತ್ತಕ್ಷರಕ್ಕೆ ನಡುವೆ ಎಫ್. ಹೀಗಾಗಿ ಕನ್ನಡ ಬರೆಯುವವರ ಕಿರುಬೆರಳಿಗೆ ಶಿಫ್ಟ್‌ನ ದುಡಿಮೆ ಇಂಗ್ಲಿಷಿಗಿಂತ ಹೆಚ್ಚು. ಕಂಟ್ರೋಲ್ ಜೊತೆಗಿನ ಶಾರ್ಟ್‌ಕಟ್‌ಗಳು ಕನ್ನಡ ಕೀಲಿವಿನ್ಯಾಸ ಚಾಲೂ ಇದ್ದಾಗಲೂ ವಿಂಡೋಸ್‌ನಲ್ಲಿ ಎಂದಿನಂತೆ ನಡೆಯುತ್ತವೆ. ಒಂಟಿ ಅಕ್ಷರದ ಶಾರ್ಟ್‌ಕಟ್‌ಗಳ ಕತೆ ಬೇರೆ. ಜಾಲತಾಣ ಕೀಲಿಯ ಜಾಗವನ್ನು ನೋಡುತ್ತಿದ್ದರೆ ಸರಿ, ಮೂಡಿದ ಅಕ್ಷರವನ್ನು ನೋಡುತ್ತಿದ್ದರೆ ಜೆ ಬದಲು ‘ಜ’ ಕಂಡು ಸುಮ್ಮನಾಗುತ್ತದೆ. ರೂಪಾಯಿ ಚಿಹ್ನೆಗೆ ಭಾರತದ ಇಂಗ್ಲಿಷ್ ಕೀಲಿವಿನ್ಯಾಸದಲ್ಲಿ ಕಂಟ್ರೋಲ್+ಆಲ್ಟ್+4.

ಕನ್ನಡದ ಮಟ್ಟಿಗೆ ಅತಿ ದೊಡ್ಡ ತೊಡಕು ಹುಡುಕಾಟದ್ದು. ಯುನಿಕೋಡ್ ಬಳಕೆಗೆ ಬರುವ ಮುನ್ನ ನುಡಿ, ಬರಹ, ಶ್ರೀಲಿಪಿ ಮುಂತಾದವುಗಳ ಹಳೆಯ ಫಾಂಟ್‌ಗಳಲ್ಲಿ ಸಿದ್ಧವಾದ ಕಡತಗಳೊಳಗೆ ಇರುವುದು ಇಂಗ್ಲಿಷ್ ಮತ್ತಿತರ ಚಿಹ್ನೆಗಳ ಸಂಕೇತ, ಫಾಂಟ್ ಮಾತ್ರ ಅದನ್ನು ಕನ್ನಡವಾಗಿ ತೋರಿಸುತ್ತದೆ. ಪರದೆಯ ಮೇಲೆ ಪದ ಕಣ್ಣೆದುರಿಗಿದ್ದರೂ ಯುನಿಕೋಡ್‌ನಲ್ಲಿ ಬರೆದು ಕಂಟ್ರೋಲ್+ಎಫ್ ಒತ್ತಿದರೆ ‘ಸಿಗಲಿಲ್ಲ’ ಎನ್ನುತ್ತದೆ. ಮುದ್ರಣದ ತಂತ್ರಾಂಶಗಳು ಬಹುಕಾಲ ಯುನಿಕೋಡ್ ಕನ್ನಡವನ್ನು ಸರಿಯಾಗಿ ಜೋಡಿಸದಿದ್ದುದರಿಂದ ಡಿಟಿಪಿ ಕೇಂದ್ರಗಳು ಹಳೆಯ ಫಾಂಟ್‌ಗಳಲ್ಲೇ ಉಳಿದವು. ಪುಸ್ತಕಗಳು, ಆದೇಶಗಳು, ಮತದಾರರ ಪಟ್ಟಿಯಂಥ ದಾಖಲೆಗಳು ಹೀಗೆ ಹುಡುಕಾಟಕ್ಕೆ ಸಿಗದೆ ಕುಳಿತಿರುವುದು ನಾಡಿಗೆ ಆಗುತ್ತಿರುವ ನಷ್ಟ. ಹಳೆಯ ಕಡತವನ್ನು ಯುನಿಕೋಡ್‌ಗೆ ಪರಿವರ್ತಿಸುವ ಸಾಧನಗಳಿವೆ, ಅವುಗಳಲ್ಲಿ ಹಲವು ಉಚಿತ. ಪ್ರಕಟಿಸುವ ಮುನ್ನ ಆ ಒಂದು ಹೆಜ್ಜೆ ಇಟ್ಟರೆ ಸಾಕು.

ಅಭ್ಯಾಸ ಮತ್ತು ಎಚ್ಚರ

ನೂರು ಶಾರ್ಟ್‌ಕಟ್‌ಗಳ ಪಟ್ಟಿಯನ್ನು ಗೋಡೆಗಂಟಿಸಿ ಕಲಿತವರಿಲ್ಲ. ಇಂದು ಮೌಸ್‌ನಿಂದ ಪದೇಪದೇ ಮಾಡಿದ ಕೆಲಸ ಯಾವುದು ಎಂದು ಗಮನಿಸಿ, ಅದರ ಕೀಲಿಯನ್ನು ಮೆನುವಿನಲ್ಲಿ ನೋಡಿಕೊಂಡು, ಒಂದು ವಾರ ಅದೊಂದನ್ನೇ ಬಳಸುವುದು ಬೆರಳಿಗೆ ಹತ್ತುವ ಕ್ರಮ. ಮೊದಲ ದಿನಗಳಲ್ಲಿ ವೇಗ ಕುಗ್ಗುತ್ತದೆ, ಆಗ ಬಿಡಬಾರದು. ಒಂದೇ ಕೈಯ ಬೆರಳುಗಳನ್ನು ತಿರುಚಿ ದೂರದ ಕೀಲಿಗಳನ್ನು ಹಿಡಿಯುವ ರೂಢಿಯಿಂದ ಮಣಿಕಟ್ಟು ನೋಯುತ್ತದೆ. ಈಮ್ಯಾಕ್ಸ್ ಬಳಸುವವರಲ್ಲಿ ಕಿರುಬೆರಳ ನೋವು ಹೆಸರುವಾಸಿ. ಕಂಟ್ರೋಲ್ ಕೀಲಿ ಎರಡೂ ಬದಿಗೆ ಇರುವುದು ಒಂದು ಕೈ ಅದನ್ನು ಹಿಡಿದರೆ ಇನ್ನೊಂದು ಕೈ ಅಕ್ಷರ ಒತ್ತಲೆಂದು.

ಈಚೆಗೆ ವಂಚಕರೂ ಈ ದಾರಿಗೆ ಇಳಿದಿದ್ದಾರೆ. 2024ರಿಂದ ಹರಡಿರುವ ಮೋಸದ ಜಾಲಪುಟಗಳಲ್ಲಿ ‘ನೀವು ಮನುಷ್ಯರೆಂದು ಖಚಿತಪಡಿಸಿ’ ಎಂಬ ಚೌಕ ಬಂದು, ವಿಂಡೋಸ್+ಆರ್ ಒತ್ತಿ, ಕಂಟ್ರೋಲ್+ವಿ ಒತ್ತಿ, ಎಂಟರ್ ಒತ್ತಿ ಎಂದು ಹೇಳುತ್ತದೆ. ಪುಟ ಅಷ್ಟರಲ್ಲಿ ಹಾನಿಕರ ಆಜ್ಞೆಯೊಂದನ್ನು ಗುಟ್ಟಾಗಿ ಕ್ಲಿಪ್‌ಬೋರ್ಡಿಗೆ ಸೇರಿಸಿರುತ್ತದೆ, ಹೇಳಿದಂತೆ ಮಾಡಿದವರು ಅದನ್ನು ತಮ್ಮ ಕೈಯಿಂದಲೇ ಓಡಿಸಿದಂತಾಗುತ್ತದೆ. ವಿಂಡೋಸ್+ಆರ್ ಪ್ರೋಗ್ರಾಂ ಓಡಿಸುವ ಕಿಟಕಿ ತೆರೆಯುತ್ತದೆ, ಅದಕ್ಕೂ ಮನುಷ್ಯರೆಂದು ಖಚಿತಪಡಿಸುವುದಕ್ಕೂ ಸಂಬಂಧವಿಲ್ಲ. ಇಂಥ ಸೂಚನೆ ಕಂಡೊಡನೆ ಕಂಟ್ರೋಲ್+ಡಬ್ಲ್ಯು ಒತ್ತಿ ಆ ಪುಟವನ್ನು ಮುಚ್ಚಬೇಕು.